ಗಣಕಯಂತ್ರ ಮತ್ತು ಸೈಬರ್ ಸುರಕ್ಷತೆ: ವೃತ್ತಿಶಿಕ್ಷಣ ಕೋರ್ಸಿಗೆ ಸೇರಬಯಸುವ ಅಭ್ಯರ್ಥಿಗಳಿಗೆ ಹಾಗೂ ಪೋಷಕರಿಗೆ ವಿವರಣೆ

1. ಪೀಠಿಕೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ಮುಂದಿನ ವ್ಯಾಸಂಗದ ಬಗ್ಗೆ ನಿರ್ಧಾರ ಕೈಗೊಳ್ಳಲು ಅಭ್ಯರ್ಥಿಗಳಿಗೆ ದೊರೆಯುವ ಕಾಲಾವಕಾಶ ಅತ್ಯಲ್ಪ. ಇದೇ ಅವಧಿಯಲ್ಲಿ ‘ಮೂರು ತಿಂಗಳಲ್ಲಿ ಸೈಬರ್ ಸುರಕ್ಷತಾ ತಜ್ಞರಾಗಿ’, ‘ಎಥಿಕಲ್ ಹ್ಯಾಕಿಂಗ್ ಕಲಿಯಿರಿ, ಉದ್ಯೋಗ ಖಚಿತ’ ಎಂಬ ಜಾಹೀರಾತುಗಳು ಬಸ್ ನಿಲ್ದಾಣದ ಗೋಡೆಗಳಿಂದ ಹಿಡಿದು ಮೊಬೈಲ್ ಪರದೆಯವರೆಗೆ ಕಾಣಸಿಗುತ್ತವೆ. ಇಂತಹ ತರಗತಿಗಳಿಗೆ ದೊಡ್ಡ ಮೊತ್ತವನ್ನು ಪಾವತಿಸಿ, ಕೊನೆಗೆ ಯಾವುದೇ ಮಾನ್ಯತೆ ಇಲ್ಲದ ಒಂದು ಪ್ರಮಾಣಪತ್ರದೊಂದಿಗೆ ಮನೆಗೆ ಮರಳುವ ಯುವಕ ಯುವತಿಯರಿದ್ದಾರೆ. ಸಾಲ ಮಾಡಿ ಶುಲ್ಕ ಕಟ್ಟಿದ ಕುಟುಂಬಕ್ಕೆ ಆಗುವ ನಷ್ಟ ಹಣದ್ದು ಮಾತ್ರವಲ್ಲ. ವಿದ್ಯಾರ್ಥಿಯ ಒಂದು ಅಮೂಲ್ಯ ವರ್ಷವೂ ಅದರೊಂದಿಗೆ ಕಳೆದುಹೋಗುತ್ತದೆ.

ಸೈಬರ್ ಸುರಕ್ಷತೆ ಎಂಬುದು ಗಣಕಯಂತ್ರ ಶಿಕ್ಷಣದಿಂದ ಬೇರ್ಪಟ್ಟ ಒಂದು ಗುಪ್ತವಿದ್ಯೆಯಲ್ಲ. ಯಂತ್ರ, ಜಾಲ, ತಂತ್ರಾಂಶ ಹಾಗೂ ದಾಖಲೆ ನಿರ್ವಹಣೆಯನ್ನು ಕ್ರಮವಾಗಿ ಕಲಿತವರು ಮಾತ್ರ ಅವುಗಳನ್ನು ಕಾಪಾಡಬಲ್ಲರು. ಅದರಂತೆ, ಈ ಕೋರ್ಸುಗಳಲ್ಲಿ ಕಲಿಯುವ ಜ್ಞಾನವನ್ನು ಅನುಮತಿ ಇರುವಲ್ಲಿ ಮಾತ್ರ ಬಳಸಬಹುದಾಗಿದ್ದು, ಅನುಮತಿ ಇಲ್ಲದಲ್ಲಿ ಅದೇ ಕೌಶಲವು ಅಪರಾಧವಾಗುತ್ತದೆ. ಈ ಎರಡು ಅಂಶಗಳನ್ನು ಅಭ್ಯರ್ಥಿಗಳಿಗೂ ಪೋಷಕರಿಗೂ ಸ್ಪಷ್ಟಪಡಿಸುವುದು ಪ್ರಸ್ತುತ ವಿವರಣೆಯ ಉದ್ದೇಶವಾಗಿದೆ.

2. ಲಭ್ಯವಿರುವ ಮಾರ್ಗಗಳು

ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಬಳಿಕ ಈ ಕ್ಷೇತ್ರವನ್ನು ಪ್ರವೇಶಿಸಲು ಮುಖ್ಯವಾಗಿ ಈ ಕೆಳಕಂಡ ಮಾರ್ಗಗಳಿವೆ.

(ಅ) ಕೈಗಾರಿಕಾ ತರಬೇತಿ ಸಂಸ್ಥೆಯ ಕೋಪಾ ವೃತ್ತಿ: ‘ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್’ ಎಂಬ ಈ ವೃತ್ತಿಯು ಸಾಮಾನ್ಯವಾಗಿ ‘ಕೋಪಾ’ ಎಂದೇ ಪರಿಚಿತ. ಇದರ ಅವಧಿ ಒಂದು ವರ್ಷ. 2022ರಲ್ಲಿ ಪರಿಷ್ಕರಿಸಲಾದ ಪಠ್ಯಕ್ರಮದಲ್ಲಿ ಪ್ರಾಯೋಗಿಕ ತರಬೇತಿಗೆ 840 ಗಂಟೆ, ವೃತ್ತಿ ಸಿದ್ಧಾಂತಕ್ಕೆ 240 ಗಂಟೆ ಹಾಗೂ ಉದ್ಯೋಗಾರ್ಹತಾ ಕೌಶಲಕ್ಕೆ 120 ಗಂಟೆ, ಹೀಗೆ ಒಟ್ಟು 1200 ಗಂಟೆಗಳನ್ನು ನಿಗದಿಪಡಿಸಲಾಯಿತು. ಕಚೇರಿ ತಂತ್ರಾಂಶ, ಜಾಲತಾಣ ರಚನೆ, ಪ್ರಾಥಮಿಕ ಪ್ರೋಗ್ರಾಮಿಂಗ್, ಜಾಲ ಸಂಪರ್ಕ ಹಾಗೂ ಸೈಬರ್ ಸುರಕ್ಷತೆಯ ಪರಿಚಯ ಇದರಲ್ಲಿ ಸೇರಿದೆ. ಅಖಿಲ ಭಾರತ ವೃತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ.

(ಆ) ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ: ಅವಧಿ ಮೂರು ವರ್ಷ, ಆರು ಸೆಮಿಸ್ಟರ್. ಎಸ್.ಎಸ್.ಎಲ್.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮೊದಲ ವರ್ಷಕ್ಕೆ ಅರ್ಜಿ ಸಲ್ಲಿಸಬಹುದು. 2020-21ನೇ ಸಾಲಿನಿಂದ ಜಾರಿಗೆ ಬಂದ ‘ಸಿ-20’ ಪಠ್ಯಕ್ರಮವು ಐದನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಯು ಒಂದು ವಿಶೇಷ ಪಥವನ್ನು ಆರಿಸಿಕೊಳ್ಳುವ ವ್ಯವಸ್ಥೆಯನ್ನು ತಂದಿತು. ಕೃತಕ ಬುದ್ಧಿಮತ್ತೆ, ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್, ಕ್ಲೌಡ್ ಕಂಪ್ಯೂಟಿಂಗ್ ಇವುಗಳೊಂದಿಗೆ ಸೈಬರ್ ಸುರಕ್ಷತೆಯೂ ಅಂತಹ ಒಂದು ಪಥವಾಗಿತ್ತು. ಮೊದಲ ಎರಡು ವರ್ಷ ಬುನಾದಿ, ನಂತರವೇ ವಿಶೇಷ ವ್ಯಾಸಂಗ ಎಂಬ ಈ ಅನುಕ್ರಮವನ್ನು ಅಭ್ಯರ್ಥಿಗಳು ಗಮನಿಸತಕ್ಕದ್ದು. ತಾವು ಸೇರುವ ಸಾಲಿಗೆ ಅನ್ವಯವಾಗುವ ಪಠ್ಯಕ್ರಮವನ್ನು ತಾಂತ್ರಿಕ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಬೇಕು.

(ಇ) ಹೊಸ ಡಿಪ್ಲೊಮಾ ಕೋರ್ಸುಗಳು: ಇತ್ತೀಚಿನ ವರ್ಷಗಳಲ್ಲಿ ಕೆಲವು ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ‘ಸೈಬರ್ ಫಿಸಿಕಲ್ ಸಿಸ್ಟಮ್ಸ್ ಅಂಡ್ ಸೆಕ್ಯೂರಿಟಿ’ ಎಂಬ ಡಿಪ್ಲೊಮಾವನ್ನು ಆರಂಭಿಸಲಾಗಿದೆ. ಯಂತ್ರಗಳನ್ನು ನಿಯಂತ್ರಿಸುವ ಗಣಕ ವ್ಯವಸ್ಥೆ ಹಾಗೂ ಅದರ ಸುರಕ್ಷತೆ ಇದರ ವಿಷಯವಾಗಿದೆ. ಎಲ್ಲ ಜಿಲ್ಲೆಗಳಲ್ಲಿ ಇದು ಲಭ್ಯವಿಲ್ಲ.

(ಈ) ನೈಲಿಟ್ ಸಂಸ್ಥೆಯ ಕೋರ್ಸುಗಳು: ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಧೀನದಲ್ಲಿರುವ ಈ ಸಂಸ್ಥೆಯ ಸಿಸಿಸಿ, ‘ಒ’ ಲೆವೆಲ್ ಮುಂತಾದ ಕೋರ್ಸುಗಳು ಬೇರೆ ವ್ಯಾಸಂಗದೊಂದಿಗೆ ಪಡೆಯಬಹುದಾದ ಮಾನ್ಯತೆಯುಳ್ಳ ಅರ್ಹತೆಗಳಾಗಿವೆ.

3. ಸೈಬರ್ ಸುರಕ್ಷತೆ ಎಂದರೇನು?

ಪಠ್ಯಪುಸ್ತಕಗಳು ಸುರಕ್ಷತೆಯನ್ನು ಗೌಪ್ಯತೆ, ಸಮಗ್ರತೆ ಮತ್ತು ಲಭ್ಯತೆ ಎಂಬ ಮೂರು ಗುಣಗಳಲ್ಲಿ ವಿವರಿಸುತ್ತವೆ. ಒಂದು ಸಹಕಾರ ಸಂಘದ ಲೆಕ್ಕದ ಪುಸ್ತಕಗಳನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಇವು ಸುಲಭವಾಗಿ ಅರ್ಥವಾಗುತ್ತವೆ. ಸದಸ್ಯರ ಠೇವಣಿಯ ವಿವರವನ್ನು ಸಂಬಂಧಪಡದವರು ನೋಡದಂತೆ ಬೀರುವಿಗೆ ಬೀಗ ಹಾಕುವುದು ಗೌಪ್ಯತೆ. ನಗದು ಪುಸ್ತಕದಲ್ಲಿ ಬರೆದ ಅಂಕಿಯನ್ನು ಯಾರೂ ಗುಟ್ಟಾಗಿ ತಿದ್ದದಂತೆ, ತಿದ್ದಿದರೆ ಗೊತ್ತಾಗುವಂತೆ ನೋಡಿಕೊಳ್ಳುವುದು ಸಮಗ್ರತೆ. ಸದಸ್ಯನೊಬ್ಬ ಹಣ ಕೇಳಲು ಬಂದಾಗ ಅಥವಾ ಲೆಕ್ಕಪರಿಶೋಧಕರು ಬಂದಾಗ ಪುಸ್ತಕ ಕೈಗೆ ಸಿಗುವಂತಿರುವುದು ಲಭ್ಯತೆ. ಬೀಗದ ಕೈ ಕಳೆದುಹೋಗಿ ಪುಸ್ತಕ ಬೀರುವಿನಲ್ಲೇ ಉಳಿದರೆ ಗೌಪ್ಯತೆ ಇದ್ದರೂ ಸಂಘದ ಕೆಲಸ ನಿಂತುಹೋಗುತ್ತದೆ. ಆದ್ದರಿಂದ ಮೂರೂ ಒಟ್ಟಿಗೆ ಇರಬೇಕಾಗುತ್ತದೆ.

ಲೆಕ್ಕಪತ್ರ ವಿಭಾಗದಲ್ಲಿ ಹಿಂದಿನಿಂದಲೂ ಪಾಲಿಸಿಕೊಂಡು ಬಂದಿರುವ ಅನೇಕ ನಿಯಮಗಳು ಸೈಬರ್ ಸುರಕ್ಷತೆಯಲ್ಲಿ ಬೇರೆ ಹೆಸರಿನಿಂದ ಮುಂದುವರಿದಿವೆ. ನಗದು ಸ್ವೀಕರಿಸುವವರೇ ಲೆಕ್ಕ ಬರೆಯಬಾರದು ಎಂಬುದು ಗಣಕ ವ್ಯವಸ್ಥೆಯಲ್ಲಿ ಕರ್ತವ್ಯ ವಿಭಜನೆ ಎನಿಸುತ್ತದೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವನ್ನು ನೀಡುವುದು ಕನಿಷ್ಠ ಅಧಿಕಾರದ ತತ್ವ. ವೋಚರ್ ಇಲ್ಲದೆ ಪಾವತಿ ಇಲ್ಲ ಎಂಬ ನಿಯಮಕ್ಕೆ ಸಮಾನವಾದುದು ಪ್ರತಿ ಪ್ರವೇಶವನ್ನೂ ‘ಲಾಗ್’ ದಾಖಲೆಯಲ್ಲಿ ನಮೂದಿಸುವ ಪದ್ಧತಿ. ಗಣಕಯಂತ್ರವು ಈ ನಿಯಮಗಳನ್ನು ವೇಗವಾಗಿ ಪಾಲಿಸುತ್ತದೆ. ಆದರೆ ಯಾವ ನಿಯಮವನ್ನು ಅಳವಡಿಸಬೇಕೆಂಬುದನ್ನು ಮನುಷ್ಯನೇ ನಿರ್ಧರಿಸಬೇಕು.

4. ಕೋರ್ಸಿನಲ್ಲಿ ಏನನ್ನು ಕಲಿಸಲಾಗುತ್ತದೆ? ಅದು ಏಕೆ ಅಗತ್ಯ?

‘ಹ್ಯಾಕಿಂಗ್ ಕಲಿಯಲು ಬಂದವರಿಗೆ ಇಷ್ಟೆಲ್ಲ ವಿಷಯಗಳೇಕೆ?’ ಎಂಬ ಪ್ರಶ್ನೆ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಪ್ರತಿ ವಿಷಯದ ಅಗತ್ಯವನ್ನು ಈ ಕೆಳಗೆ ವಿವರಿಸಲಾಗಿದೆ.

4.1 ಯಂತ್ರಾಂಶ ಮತ್ತು ಕಾರ್ಯಾಚರಣ ವ್ಯವಸ್ಥೆ

ಗಣಕಯಂತ್ರದ ಭಾಗಗಳು, ಕಡತಗಳ ವ್ಯವಸ್ಥೆ, ಬಳಕೆದಾರರ ಅಧಿಕಾರಗಳು, ತಂತ್ರಾಂಶದ ಪರಿಷ್ಕರಣೆ ಇವುಗಳನ್ನು ವಿಂಡೋಸ್ ಹಾಗೂ ಲಿನಕ್ಸ್ ವ್ಯವಸ್ಥೆಗಳಲ್ಲಿ ಕಲಿಸಲಾಗುತ್ತದೆ. ಪರಿಷ್ಕರಣೆಯ ಪಾಠವು ನೀರಸವೆಂದು ಕಾಣಬಹುದು. ಆದರೆ 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಕುತಂತ್ರಾಂಶವು ಹಬ್ಬಿ, ಕೆಲವೇ ದಿನಗಳಲ್ಲಿ 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳನ್ನು ಬಾಧಿಸಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳನ್ನೂ ಶಸ್ತ್ರಚಿಕಿತ್ಸೆಗಳನ್ನೂ ರದ್ದುಪಡಿಸಬೇಕಾಯಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷದ ಮಾರ್ಚ್ 14ರಂದೇ ಪರಿಹಾರವನ್ನು ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳ ಕಾಲ ಆ ಪರಿಹಾರವನ್ನು ಅಳವಡಿಸದೆ ಉಳಿದ ಯಂತ್ರಗಳು ದಾಳಿಗೆ ತೆರೆದುಕೊಂಡವು. ಇಂತಹ ಅಳವಡಿಕೆಯು ಐಟಿಐ ಅಥವಾ ಡಿಪ್ಲೊಮಾ ಪಡೆದ ತಂತ್ರಜ್ಞರೇ ನಿರ್ವಹಿಸುವ ದಿನನಿತ್ಯದ ಕೆಲಸವಾಗಿದೆ.

4.2 ಗಣಕ ಜಾಲ

ಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ಐಪಿ ವಿಳಾಸವೆಂಬ ಒಂದು ಸಂಖ್ಯೆ ಇರುತ್ತದೆ. ನಾಲ್ಕನೆಯ ಆವೃತ್ತಿಯಲ್ಲಿ ಇದು 32 ಬಿಟ್‌ಗಳ ಸಂಖ್ಯೆಯಾದ್ದರಿಂದ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಇವು ಸಾಲದಾದುದರಿಂದಲೇ 128 ಬಿಟ್‌ಗಳ ಆರನೆಯ ಆವೃತ್ತಿ ಬಂದಿತು. ವಿಳಾಸವನ್ನು ಕಚೇರಿಯ ಕಟ್ಟಡವೆಂದು ಭಾವಿಸಿದರೆ, ‘ಪೋರ್ಟ್’ ಸಂಖ್ಯೆಯನ್ನು ಅದರೊಳಗಿನ ಕೌಂಟರ್ ಎನ್ನಬಹುದು. ಸುರಕ್ಷಿತ ಜಾಲತಾಣಗಳ ಸೇವೆಯು ಸಾಮಾನ್ಯವಾಗಿ 443ನೇ ಕೌಂಟರಿನಲ್ಲಿ ದೊರೆಯುತ್ತದೆ. ಅನಗತ್ಯ ಕೌಂಟರುಗಳನ್ನು ಮುಚ್ಚಿಡುವುದು ಹಾಗೂ ಕಟ್ಟಡದ ಒಂದು ವಿಭಾಗಕ್ಕೆ ಬಂದವರು ನೇರವಾಗಿ ದಾಖಲೆ ಕೊಠಡಿಗೆ ನುಗ್ಗದಂತೆ ಗೋಡೆ ಕಟ್ಟುವುದು ಜಾಲ ವಿದ್ಯೆಯ ಮುಖ್ಯ ಪಾಠಗಳು. ಎರಡನೆಯದನ್ನು ಜಾಲದ ವಿಭಜನೆ ಎನ್ನಲಾಗುತ್ತದೆ.

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಗಣಕ ವ್ಯವಸ್ಥೆಯು ದಾಳಿಗೆ ಒಳಗಾಯಿತು. 5 ಸರ್ವರ್‌ಗಳಲ್ಲಿನ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ದಾಳಿಕೋರರು ಗೂಢಲಿಪಿಗೆ ಪರಿವರ್ತಿಸಿದರು. ಹೊರರೋಗಿಗಳ ನೋಂದಣಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಹಲವು ಸೇವೆಗಳನ್ನು ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ಜಾಲದ ವಿಭಜನೆ ಸಮರ್ಪಕವಾಗಿ ಇಲ್ಲದಿದ್ದುದೇ ಇದಕ್ಕೆ ಕಾರಣವೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿತು. ಬಾಧಿತವಾಗದ ಬ್ಯಾಕಪ್ ಪ್ರತಿ ಉಳಿದಿದ್ದುದರಿಂದ ರೋಗಿಗಳ ದತ್ತಾಂಶವನ್ನು ಮರಳಿ ಪಡೆಯಲು ಸಾಧ್ಯವಾಯಿತು. ಜಾಲದ ವಿಭಜನೆ, ಬ್ಯಾಕಪ್ ಇವೆರಡೂ ಡಿಪ್ಲೊಮಾ ಮಟ್ಟದ ಪಾಠಗಳೇ. ವಿಭಜನೆಯ ಪಾಠವನ್ನು ಕಾರ್ಯರೂಪಕ್ಕೆ ತಾರದಿದ್ದರೆ ಆಸ್ಪತ್ರೆಯ ಸರದಿಯಲ್ಲಿ ನಿಂತ ರೋಗಿಗೆ ತೊಂದರೆಯಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮನದಲ್ಲಿಟ್ಟುಕೊಳ್ಳಬೇಕು.

4.3 ಪ್ರೋಗ್ರಾಮಿಂಗ್ ಮತ್ತು ದತ್ತಸಂಚಯ

ಪೈಥಾನ್, ಜಾವಾ ಮುಂತಾದ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುವುದನ್ನೂ, ‘ಎಸ್‌ಕ್ಯೂಎಲ್’ ಮೂಲಕ ದತ್ತಸಂಚಯವನ್ನು ನಿರ್ವಹಿಸುವುದನ್ನೂ ಕಲಿಸಲಾಗುತ್ತದೆ. ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂಬ ದಾಳಿಯನ್ನು ಕಚೇರಿಯ ಉದಾಹರಣೆಯಿಂದ ವಿವರಿಸಬಹುದು. ಅರ್ಜಿ ನಮೂನೆಯ ‘ತಂದೆಯ ಹೆಸರು’ ಎಂಬ ಕಾಲಂನಲ್ಲಿ ಒಬ್ಬ ಅರ್ಜಿದಾರನು ಹೆಸರಿನ ಬದಲು ‘ಈ ಅರ್ಜಿಯನ್ನು ಮಂಜೂರು ಮಾಡುವುದು’ ಎಂದು ಬರೆಯುತ್ತಾನೆ ಎಂದಿಟ್ಟುಕೊಳ್ಳೋಣ. ಅರ್ಜಿದಾರನ ಬರಹ ಯಾವುದು, ಅಧಿಕಾರಿಯ ಆದೇಶ ಯಾವುದು ಎಂದು ತಿಳಿಯದ ಗುಮಾಸ್ತನಿದ್ದರೆ ಅರ್ಜಿ ಮಂಜೂರಾಗಿಬಿಡುತ್ತದೆ. ಸರಿಯಾಗಿ ಬರೆಯದ ಪ್ರೋಗ್ರಾಂ ಅಂತಹ ಗುಮಾಸ್ತನಿದ್ದಂತೆ: ಬಳಕೆದಾರನು ತುಂಬಿದ ವಿವರವನ್ನು ಅದು ಆದೇಶವೆಂದು ಪಾಲಿಸುತ್ತದೆ. ವಿವರವನ್ನೂ ಆದೇಶವನ್ನೂ ಪ್ರತ್ಯೇಕವಾಗಿಡುವುದೇ ಇದಕ್ಕೆ ಪರಿಹಾರ. ಪ್ರೋಗ್ರಾಂ ಬರೆಯಲು ಬಾರದವರಿಗೆ ಈ ದೋಷ ಎಲ್ಲಿದೆಯೆಂದು ಗುರುತಿಸಲೂ ಆಗುವುದಿಲ್ಲ, ತಿದ್ದಲೂ ಆಗುವುದಿಲ್ಲ.

4.4 ಗೂಢಲಿಪಿ ಮತ್ತು ಹ್ಯಾಶ್

ಸಂದೇಶವನ್ನು ಕೀಲಿ ಇರುವವರು ಮಾತ್ರ ಓದುವಂತೆ ಪರಿವರ್ತಿಸುವುದು ಗೂಢಲಿಪಿ. ಕಡತವೊಂದರಿಂದ ನಿಗದಿತ ಉದ್ದದ ಒಂದು ಗುರುತನ್ನು ಲೆಕ್ಕಹಾಕಿ ತೆಗೆಯುವುದು ‘ಹ್ಯಾಶ್’. ಕಡತದ ಒಂದು ಅಕ್ಷರ ಬದಲಾದರೂ ಗುರುತು ಸಂಪೂರ್ಣವಾಗಿ ಬದಲಾಗುತ್ತದೆ. ಆದ್ದರಿಂದ ಇದನ್ನು ಕಡತದ ಬೆರಳಚ್ಚು ಎನ್ನಬಹುದು. ಉತ್ತಮ ವ್ಯವಸ್ಥೆಗಳು ಬಳಕೆದಾರರ ಗುಪ್ತಪದವನ್ನು ಇದ್ದಂತೆಯೇ ಸಂಗ್ರಹಿಸದೆ ಅದರ ಹ್ಯಾಶ್ ಗುರುತನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಡಿಜಿಟಲ್ ಸಹಿಯು ಈ ಎರಡೂ ತತ್ವಗಳನ್ನು ಅವಲಂಬಿಸಿದ್ದು, ಅದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಅಡಿಯಲ್ಲಿ ಕಾನೂನಿನ ಮಾನ್ಯತೆ ಇದೆ.

4.5 ದಾಖಲೆಗಳ ಪರಿಶೀಲನೆ

2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿಗಳನ್ನು ಅಪಹರಿಸಲಾಯಿತು. ಎಟಿಎಂ ಯಂತ್ರವು ‘ಈ ಖಾತೆಯಲ್ಲಿ ಹಣವಿದೆಯೇ?’ ಎಂದು ಬ್ಯಾಂಕಿನ ಮುಖ್ಯ ವ್ಯವಸ್ಥೆಯನ್ನು ಕೇಳುತ್ತದೆ. ದಾಳಿಕೋರರು ಈ ಪ್ರಶ್ನೆಯು ಮುಖ್ಯ ವ್ಯವಸ್ಥೆಯನ್ನು ತಲುಪದಂತೆ ನಡುವೆ ತಡೆದು, ತಾವೇ ‘ಇದೆ, ಪಾವತಿಸಿ’ ಎಂಬ ಸುಳ್ಳು ಉತ್ತರ ದೊರೆಯುವಂತೆ ಮಾಡಿದರು. ನಕಲಿ ಕಾರ್ಡುಗಳ ಮೂಲಕ 28 ದೇಶಗಳಲ್ಲಿ ಹಣ ಪಡೆಯಲಾಯಿತು. 13ರಂದು ಸ್ವಿಫ್ಟ್ ವ್ಯವಸ್ಥೆಯ ಮೂಲಕ 13.92 ಕೋಟಿ ರೂಪಾಯಿ ಹಾಂಗ್‌ಕಾಂಗ್‌ಗೆ ವರ್ಗಾವಣೆಯಾಯಿತು. ಹೊರಗೆ ಹೋದ ನಗದನ್ನು ಖಾತೆಗೆ ಖರ್ಚು ಬಿದ್ದ ಮೊತ್ತದೊಂದಿಗೆ ಆಗಿಂದಾಗ್ಗೆ ತಾಳೆ ನೋಡುವ ವ್ಯವಸ್ಥೆ ಎಷ್ಟು ಚುರುಕಾಗಿರುತ್ತದೋ ಇಂತಹ ವಂಚನೆ ಅಷ್ಟು ಬೇಗ ಬೆಳಕಿಗೆ ಬರುತ್ತದೆ. ತಾಳೆ ನೋಡುವುದು ಲೆಕ್ಕಪತ್ರದ ಹಳೆಯ ಶಿಸ್ತು. ಲಾಗ್ ದಾಖಲೆಗಳನ್ನು ಓದುವುದು ಅದರ ಹೊಸ ರೂಪ. ಅಸಹಜವಾದ ಒಂದು ಸಾಲನ್ನು ಸಾವಿರ ಸಾಲುಗಳ ನಡುವೆ ಗುರುತಿಸುವ ತಾಳ್ಮೆ ಈ ವೃತ್ತಿಯ ಮುಖ್ಯ ಅರ್ಹತೆಯಾಗಿದೆ.

5. ಪ್ರಯೋಗಾಲಯದ ಎಲ್ಲೆ ಮತ್ತು ಕಾನೂನು

ಈ ಕೋರ್ಸುಗಳಲ್ಲಿ ಜಾಲದ ಸಂಚಾರವನ್ನು ನೋಡುವ ‘ವೈರ್‌ಶಾರ್ಕ್’, ತೆರೆದ ಪೋರ್ಟ್‌ಗಳನ್ನು ಪತ್ತೆಹಚ್ಚುವ ‘ಎನ್‌ಮ್ಯಾಪ್’ ಮುಂತಾದ ಸಾಧನಗಳನ್ನು ಬಳಸಲು ಕಲಿಸಲಾಗುತ್ತದೆ. ಇವು ಕಾನೂನುಬದ್ಧ ಸಾಧನಗಳೇ. ಅಭ್ಯಾಸವನ್ನು ‘ವರ್ಚುವಲ್ ಯಂತ್ರ’ಗಳಲ್ಲಿ, ಅಂದರೆ ಒಂದು ಗಣಕಯಂತ್ರದೊಳಗೆ ತಂತ್ರಾಂಶದಿಂದ ನಿರ್ಮಿಸಿದ, ಹೊರಜಾಲದಿಂದ ಪ್ರತ್ಯೇಕಿಸಿದ ಯಂತ್ರಗಳಲ್ಲಿ ನಡೆಸಲಾಗುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಯು ಆಮ್ಲವನ್ನು ಪ್ರಯೋಗಾಲಯದ ಹೊರಗೆ ಒಯ್ಯಬಾರದೆಂಬ ನಿಯಮದಂತೆಯೇ ಇಲ್ಲಿಯೂ ಎಲ್ಲೆಯನ್ನು ಮೀರತಕ್ಕದ್ದಲ್ಲ.

ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ರ ಅಕ್ಟೋಬರ್ 17ರಂದು ಜಾರಿಗೆ ಬಂದಿತು. 2008ರ ತಿದ್ದುಪಡಿಯು 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ವಿದ್ಯಾರ್ಥಿಗಳು ತಿಳಿದಿರಬೇಕಾದ ಪ್ರಕರಣಗಳು ಹೀಗಿವೆ:

(ಅ) ಪ್ರಕರಣ 43: ಮಾಲೀಕರ ಅಥವಾ ಉಸ್ತುವಾರಿ ಹೊಂದಿರುವವರ ಅನುಮತಿ ಇಲ್ಲದೆ ಗಣಕಯಂತ್ರ ಅಥವಾ ಜಾಲವನ್ನು ಪ್ರವೇಶಿಸುವುದು, ದತ್ತಾಂಶವನ್ನು ನಕಲು ಮಾಡಿಕೊಳ್ಳುವುದು, ಹಾನಿ ಉಂಟುಮಾಡುವುದು ಮುಂತಾದವುಗಳಿಗೆ ನಷ್ಟಪರಿಹಾರ ನೀಡಬೇಕಾಗುತ್ತದೆ.

(ಆ) ಪ್ರಕರಣ 66: ಮೇಲ್ಕಂಡ ಕೃತ್ಯಗಳನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಎಸಗಿದಲ್ಲಿ 3 ವರ್ಷಗಳವರೆಗೆ ಕಾರಾವಾಸ, ಅಥವಾ 5 ಲಕ್ಷ ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ.

(ಇ) ಪ್ರಕರಣ 66ಸಿ ಮತ್ತು 66ಡಿ: ಇನ್ನೊಬ್ಬರ ಗುಪ್ತಪದ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವುದು, ಗಣಕ ಸಾಧನದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು. ಎರಡಕ್ಕೂ 3 ವರ್ಷಗಳವರೆಗೆ ಕಾರಾವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ಜುಲ್ಮಾನೆ.

‘ಕಲಿಯುವ ಕುತೂಹಲದಿಂದ ಮಾಡಿದೆ’ ಎಂಬ ಸಮಜಾಯಿಷಿಯು ಅನುಮತಿಗೆ ಬದಲಿಯಾಗುವುದಿಲ್ಲ. ಕಾಲೇಜಿನ ಸ್ವಂತ ಜಾಲವನ್ನು ಪರೀಕ್ಷಿಸಬೇಕಾದರೂ ಪ್ರಾಂಶುಪಾಲರ ಲಿಖಿತ ಅನುಮತಿ ಪಡೆಯತಕ್ಕದ್ದು. ಯಾವ ಯಂತ್ರ, ಯಾವ ದಿನ, ಯಾವ ಪರೀಕ್ಷೆ ಎಂಬ ವಿವರ ಅದರಲ್ಲಿರಬೇಕು. ಸಾರ್ವಜನಿಕ ಜಾಲತಾಣವೊಂದರಲ್ಲಿ ಆಕಸ್ಮಿಕವಾಗಿ ದೋಷ ಕಂಡುಬಂದಲ್ಲಿ ಮುಂದುವರಿಯದೆ ಅಲ್ಲಿಗೇ ನಿಲ್ಲಿಸಿ, ಜಾಲತಾಣದ ಮಾಲೀಕರಿಗೆ ಅಥವಾ ಭಾರತೀಯ ಗಣಕ ತುರ್ತು ಪ್ರತಿಕ್ರಿಯಾ ತಂಡವಾದ ‘ಸರ್ಟ್-ಇನ್’ ಸಂಸ್ಥೆಗೆ ತಿಳಿಸುವುದು ಸೂಕ್ತ ಕ್ರಮವಾಗಿದೆ.

ಪೋಷಕರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ‘ನಿನ್ನ ಬ್ಯಾಂಕ್ ಖಾತೆಯನ್ನು ಕೆಲವು ದಿನ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಕಾಲೇಜು ವಿದ್ಯಾರ್ಥಿಗಳನ್ನು ಪುಸಲಾಯಿಸುವ ಜಾಲಗಳಿವೆ. ವಂಚನೆಯಿಂದ ಪಡೆದ ಹಣವನ್ನು ಸಾಗಿಸಲು ಇಂತಹ ಬಾಡಿಗೆ ಖಾತೆಗಳನ್ನು ಬಳಸಲಾಗುತ್ತದೆ. ದೂರು ದಾಖಲಾದಾಗ ಪೊಲೀಸರು ಮೊದಲು ತಲುಪುವುದು ಖಾತೆದಾರನ ಮನೆಯನ್ನೇ. ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕಾರ್ಡ್ ಇವುಗಳನ್ನು ಯಾವ ಕಾರಣಕ್ಕೂ ಬೇರೆಯವರ ಬಳಕೆಗೆ ನೀಡಕೂಡದು.

6. ಉದ್ಯೋಗಾವಕಾಶಗಳು

ಕೋಪಾ ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಮೊದಲು ದೊರೆಯುವ ಹುದ್ದೆಯ ಹೆಸರಿನಲ್ಲಿ ‘ಸೈಬರ್’ ಎಂಬ ಪದವೇ ಇಲ್ಲದಿರಬಹುದು. ಗಣಕಯಂತ್ರ ನಿರ್ವಾಹಕರು, ಜಾಲ ತಂತ್ರಜ್ಞರು, ಸಹಾಯವಾಣಿ ತಂತ್ರಜ್ಞರು, ಸರ್ವರ್ ನಿರ್ವಹಣಾ ಸಹಾಯಕರು ಎಂಬ ಹುದ್ದೆಗಳಿಂದ ಆರಂಭವಾಗುವುದು ಸಾಮಾನ್ಯ. ಸುರಕ್ಷತಾ ನಿಗಾ ಕೇಂದ್ರಗಳಲ್ಲಿ ಎಚ್ಚರಿಕೆ ಸಂದೇಶಗಳನ್ನು ಪರಿಶೀಲಿಸುವ ಮೊದಲ ಹಂತದ ಹುದ್ದೆಗಳು ನಂತರ ದೊರೆಯಬಹುದು. ಇವು ಪಾಳಿಯ ಕೆಲಸಗಳಾಗಿದ್ದು, ರಾತ್ರಿ ಪಾಳಿಯೂ ಇರುತ್ತದೆ.

ಬೇಡಿಕೆಯು ಬೆಂಗಳೂರಿಗೆ ಮಾತ್ರ ಸೀಮಿತವಾಗಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2016ರ ಜೂನ್‌ನಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ, 2018ರ ಅಕ್ಟೋಬರ್‌ನಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಸುರಕ್ಷತಾ ಚೌಕಟ್ಟನ್ನು ವಿಧಿಸಿತು. ಪಟ್ಟಣ ಸಹಕಾರಿ ಬ್ಯಾಂಕುಗಳು ನಮ್ಮ ರಾಜ್ಯದ ಅನೇಕ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳಲ್ಲಿವೆ. ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿರಿಸಬೇಕು ಎಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ವೈಯಕ್ತಿಕ ದತ್ತಾಂಶವನ್ನು ಸಂಗ್ರಹಿಸುವ ಸಂಸ್ಥೆಗಳ ಹೊಣೆಯನ್ನು ಹೆಚ್ಚಿಸಿದೆ. ಕರ್ನಾಟಕ ಸರ್ಕಾರವೂ 2024ರಲ್ಲಿ ರಾಜ್ಯದ ಸೈಬರ್ ಸುರಕ್ಷತಾ ನೀತಿಯನ್ನು ಪ್ರಕಟಿಸಿತು. ಇವೆಲ್ಲವನ್ನೂ ಕಾಗದದಿಂದ ಕಾರ್ಯಕ್ಕೆ ಇಳಿಸಲು ದಾಖಲೆ ಓದಬಲ್ಲ, ಬ್ಯಾಕಪ್ ಪರೀಕ್ಷಿಸಬಲ್ಲ, ವರದಿ ಬರೆಯಬಲ್ಲ ತಂತ್ರಜ್ಞರು ಬೇಕಾಗುತ್ತಾರೆ.

ಶಿಶಿಕ್ಷು ಅಧಿನಿಯಮ, 1961ರ ಅಡಿಯಲ್ಲಿ ಕೋರ್ಸ್ ಮುಗಿಸಿದವರು ಶಿಷ್ಯವೇತನದೊಂದಿಗೆ ಅಪ್ರೆಂಟಿಸ್ ತರಬೇತಿ ಪಡೆಯಲು ಅವಕಾಶವಿದೆ. ಮುಂದೆ ಓದಬಯಸುವ ಡಿಪ್ಲೊಮಾ ಪದವೀಧರರು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿಸಿಇಟಿ ಪರೀಕ್ಷೆಯ ಮೂಲಕ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು.

7. ಸಂಸ್ಥೆಯನ್ನು ಆಯ್ಕೆ ಮಾಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಪಾಲಿಟೆಕ್ನಿಕ್ ಆಗಿದ್ದಲ್ಲಿ, ಆ ಸಾಲಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಇದೆಯೇ, ಪರೀಕ್ಷೆಯನ್ನು ನಡೆಸುವವರು ಯಾರು ಎಂದು ವಿಚಾರಿಸಿ.

(ಆ) ಐಟಿಐ ಆಗಿದ್ದಲ್ಲಿ, ಸಂಸ್ಥೆಗೆ ಮಾತ್ರವಲ್ಲದೆ ಕೋಪಾ ವೃತ್ತಿಗೂ ಸಂಯೋಜನೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

(ಇ) ಪ್ರಯೋಗಾಲಯವನ್ನು ಖುದ್ದಾಗಿ ನೋಡಿ. ಒಂದು ಗಣಕಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು, ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ.

(ಈ) ಶುಲ್ಕವನ್ನು ಸಂಸ್ಥೆಯ ಖಾತೆಗೇ ಪಾವತಿಸಿ, ಸಂಸ್ಥೆಯ ಹೆಸರು ಹಾಗೂ ಕ್ರಮಸಂಖ್ಯೆ ಇರುವ ರಸೀದಿಯನ್ನು ಪಡೆಯಿರಿ. ವ್ಯಕ್ತಿಯೊಬ್ಬರ ಖಾತೆಗೆ ಹಣ ವರ್ಗಾಯಿಸಬೇಡಿ.

(ಉ) ಮೂಲ ಅಂಕಪಟ್ಟಿಯನ್ನು ಒತ್ತೆಯಾಗಿ ಇಟ್ಟುಕೊಳ್ಳಲು ಬಿಡಬೇಡಿ. ಪರಿಶೀಲನೆಗೆ ನೀಡಿದಲ್ಲಿ ಸ್ವೀಕೃತಿ ಪಡೆಯಿರಿ.

(ಊ) ‘ಉದ್ಯೋಗ ಖಚಿತ’ ಎಂಬ ಭರವಸೆಯನ್ನು ಷರತ್ತುಗಳೊಂದಿಗೆ ಲಿಖಿತವಾಗಿ ಕೇಳಿ. ನೀಡಲು ಹಿಂಜರಿದಲ್ಲಿ ಆ ಭರವಸೆಗೆ ಬೆಲೆ ಇಲ್ಲವೆಂದು ತಿಳಿಯಿರಿ.

8. ವಿದ್ಯಾರ್ಥಿವೇತನ

ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಸಂಬಂಧಪಟ್ಟ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಡಿಪ್ಲೊಮಾಗೆ ಸೇರುವ ವಿದ್ಯಾರ್ಥಿನಿಯರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ‘ಪ್ರಗತಿ’ ಯೋಜನೆಯು ವಾರ್ಷಿಕ 50,000 ರೂಪಾಯಿ ನೀಡುತ್ತದೆ. ಕುಟುಂಬದ ವಾರ್ಷಿಕ ಆದಾಯವು 8 ಲಕ್ಷ ರೂಪಾಯಿ ಮೀರಿರಬಾರದು. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಈ ಸೌಲಭ್ಯವಿದೆ. ವಿಶೇಷಚೇತನ ವಿದ್ಯಾರ್ಥಿಗಳಿಗೆ ‘ಸಕ್ಷಮ್’ ಎಂಬ ಪ್ರತ್ಯೇಕ ಯೋಜನೆ ಇದೆ. ಆದಾಯ ಪ್ರಮಾಣಪತ್ರ ಹಾಗೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯನ್ನು ಪ್ರವೇಶಕ್ಕೆ ಮುನ್ನವೇ ಸಿದ್ಧಪಡಿಸಿಕೊಳ್ಳುವುದು ಒಳಿತು.

9. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಕೋರ್ಸ್ ಕಷ್ಟವಾಗುವುದೇ?
ಉತ್ತರ: ಮೊದಲ ಕೆಲವು ತಿಂಗಳು ಪಾರಿಭಾಷಿಕ ಪದಗಳು ಕಷ್ಟವೆನಿಸಬಹುದು. ಪದ, ಅದರ ಅರ್ಥ, ಒಂದು ಉದಾಹರಣೆ ಇವುಗಳನ್ನು ಕನ್ನಡದಲ್ಲಿ ಬರೆದಿಡುವ ಪ್ರತ್ಯೇಕ ಪುಸ್ತಕವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು. ವಿಷಯವನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡವರಿಗೆ ಪದಗಳು ಕ್ರಮೇಣ ಒಲಿಯುತ್ತವೆ.

ಪ್ರಶ್ನೆ: ಗಣಿತದಲ್ಲಿ ಸಾಧಾರಣ ಅಂಕ ಪಡೆದವರು ಸೇರಬಹುದೇ?
ಉತ್ತರ: ಸೇರಬಹುದು. ಡಿಪ್ಲೊಮಾದಲ್ಲಿ ಗಣಿತದ ವ್ಯಾಸಂಗ ಇದ್ದೇ ಇರುತ್ತದೆ. ಆದರೆ ನಿತ್ಯದ ಕೆಲಸದಲ್ಲಿ ಹೆಚ್ಚು ಬಳಕೆಯಾಗುವುದು ದ್ವಿಮಾನ ಸಂಖ್ಯೆಗಳು, ತಾರ್ಕಿಕ ಚಿಂತನೆ ಹಾಗೂ ಹಂತಹಂತವಾಗಿ ಬಿಡಿಸುವ ಅಭ್ಯಾಸ.

ಪ್ರಶ್ನೆ: ಕೋಪಾ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೇ?
ಉತ್ತರ: ಎರಡನೆಯ ವರ್ಷದ ನೇರ ಪ್ರವೇಶಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಐಟಿಐ ಅಥವಾ ವಿಜ್ಞಾನ ವಿಭಾಗದ ಪಿಯುಸಿ ಅರ್ಹತೆಯಾಗಿರುತ್ತದೆ. ಕೋಪಾ ಒಂದು ವರ್ಷದ ವೃತ್ತಿಯಾದ್ದರಿಂದ, ಆ ಸಾಲಿನ ಪ್ರವೇಶ ಅಧಿಸೂಚನೆಯನ್ನು ಓದದೆ ಈ ಸೌಲಭ್ಯ ದೊರೆಯುವುದೆಂದು ಭಾವಿಸತಕ್ಕದ್ದಲ್ಲ. ಮೂರು ವರ್ಷ ಓದಲು ಅನುಕೂಲವಿರುವವರು ಆರಂಭದಲ್ಲೇ ಡಿಪ್ಲೊಮಾಗೆ ಸೇರುವುದು ಸೂಕ್ತ.

ಪ್ರಶ್ನೆ: ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಓದಿದವರಿಗೆ ಅವಕಾಶವಿದೆಯೇ?
ಉತ್ತರ: ಮೊದಲ ವರ್ಷದ ಡಿಪ್ಲೊಮಾ ಹಾಗೂ ಕೋಪಾ ಎರಡಕ್ಕೂ ಮೂಲ ಅರ್ಹತೆ ಎಸ್.ಎಸ್.ಎಲ್.ಸಿ. ಆಗಿರುವುದರಿಂದ ಅವಕಾಶವಿದೆ. ಲೆಕ್ಕಪತ್ರ ಹಾಗೂ ಲೆಕ್ಕಪರಿಶೋಧನೆಯ ಜ್ಞಾನವು ಬ್ಯಾಂಕಿಂಗ್ ಕ್ಷೇತ್ರದ ಸುರಕ್ಷತಾ ಕೆಲಸದಲ್ಲಿ ಹೆಚ್ಚುವರಿ ಬಲವಾಗುತ್ತದೆ.

ಪ್ರಶ್ನೆ: ಸ್ವಂತ ಲ್ಯಾಪ್‌ಟಾಪ್ ಕಡ್ಡಾಯವೇ?
ಉತ್ತರ: ಕಡ್ಡಾಯವಲ್ಲ. ಆದರೆ ಪ್ರಯೋಗಾಲಯದ ಅವಧಿಯ ಹೊರತಾಗಿಯೂ ಅಭ್ಯಾಸ ಬೇಕಾಗುತ್ತದೆ. ಹೊಸದನ್ನು ಕೊಳ್ಳಲು ಸಾಲ ಮಾಡುವ ಅಗತ್ಯವಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯ ಹಗುರವಾದ ಆವೃತ್ತಿಗಳು ಹಳೆಯ ಗಣಕಯಂತ್ರಗಳಲ್ಲಿಯೂ ಕೆಲಸ ಮಾಡುತ್ತವೆ.

ಪ್ರಶ್ನೆ: ಖಾಸಗಿ ಪ್ರಮಾಣಪತ್ರ ಪರೀಕ್ಷೆಗಳನ್ನು ಬರೆಯಬೇಕೇ?
ಉತ್ತರ: ಸಿಸ್ಕೋ, ರೆಡ್ ಹ್ಯಾಟ್ ಮುಂತಾದ ಸಂಸ್ಥೆಗಳ ಪ್ರಮಾಣಪತ್ರಗಳಿಗೆ ಉದ್ಯೋಗದಾತರಲ್ಲಿ ಬೆಲೆಯಿದೆ. ಆದರೆ ಪರೀಕ್ಷಾ ಶುಲ್ಕ ದುಬಾರಿ. ಬುನಾದಿ ಗಟ್ಟಿಯಾದ ಮೇಲೆ, ಸಾಧ್ಯವಾದರೆ ಉದ್ಯೋಗ ದೊರೆತ ನಂತರ, ಬರೆಯುವುದು ಉತ್ತಮ. ‘ಸ್ವಯಂ’ ವೇದಿಕೆಯಲ್ಲಿನ ಪಾಠಗಳನ್ನು ಉಚಿತವಾಗಿ ವೀಕ್ಷಿಸಬಹುದು.

10. ಕೊನೆಯ ಮಾತು

ಬೀಗ ಮುರಿಯುವುದನ್ನು ಮಾತ್ರ ಕಲಿತವರಿಗೆ ಬೀಗ ತಯಾರಿಸಲು ಬರುವುದಿಲ್ಲ. ಸೈಬರ್ ಸುರಕ್ಷತೆಯಲ್ಲಿ ನೆಲೆ ನಿಲ್ಲಬಯಸುವವರು ಯಂತ್ರ, ಜಾಲ, ಪ್ರೋಗ್ರಾಂ, ದಾಖಲೆ ಈ ನಾಲ್ಕನ್ನೂ ಕ್ರಮವಾಗಿ ಕಲಿತು, ಅನುಮತಿಯ ಎಲ್ಲೆಯನ್ನು ಪಾಲಿಸಬೇಕಾಗುತ್ತದೆ. ಇದಕ್ಕೆ ಬೇಕಾದ ಕಾಲವನ್ನು ಮೂರು ತಿಂಗಳಿಗೆ ಇಳಿಸುವ ಯಾವ ಉಪಾಯವೂ ಇಲ್ಲ. ಪೋಷಕರು ಶುಲ್ಕ ಪಾವತಿಸುವ ಮುನ್ನ ಮೇಲ್ಕಂಡ 7ನೇ ಕಂಡಿಕೆಯ ಅಂಶಗಳನ್ನು ಪರಿಶೀಲಿಸಲು, ಸಂದೇಹವಿದ್ದಲ್ಲಿ ಸಮೀಪದ ಸರ್ಕಾರಿ ಪಾಲಿಟೆಕ್ನಿಕ್ ಅಥವಾ ಸರ್ಕಾರಿ ಐಟಿಐ ಪ್ರಾಂಶುಪಾಲರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.

ಸೂಚನೆ: ಆನ್‌ಲೈನ್ ಮೂಲಕ ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡುವುದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದು. ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದಲ್ಲಿ ಹಣವು ಮುಂದಿನ ಖಾತೆಗೆ ವರ್ಗಾವಣೆಯಾಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಹೆಚ್ಚು.